ದಾಳಿಂಬೆ ಬಣ್ಣದ ಗೆರೆ

ಹಗಲೆಲ್ಲ ಎನ್ಸೆನಾದದ ಹೆಂಗಸರ ಉಗುರಿಗೆ ಬಣ್ಣ ಹಚ್ಚುತ್ತೇನೆ.
ರಾತ್ರಿ, ಬೋಲ್ಟಿಗೆ.

ನಗಬೇಡಿ. ಬಿಗಿದ ಬೋಲ್ಟಿನ ತಲೆಯಿಂದ ಕಬ್ಬಿಣದ ಮೈಗೆ
ಒಂದೇ ಗೆರೆ, ಜೀರಿಗೆಯಷ್ಟು ಉದ್ದ.
ಬೋಲ್ಟು ಕೂದಲೆಳೆಯಷ್ಟು ಅಲುಗಿದರೂ
ಗೆರೆ ಎರಡಾಗುತ್ತದೆ,
ಟಾರ್ಚು ಹಿಡಿದವರ ಕಣ್ಣಿಗೆ ಬೀಳುತ್ತದೆ.
ಇನ್ನೂರ ಹದಿನಾಲ್ಕು ಬೋಲ್ಟು, ಎರಡೂವರೆ ಬಾಟಲಿ.
ಬಣ್ಣದ ಹೆಸರು ದಾಳಿಂಬೆ. ಅವಧಿ ಮುಗಿದದ್ದು.
ಪಾರ್ಲರಿನ ಒಡತಿಗೆ ಗೊತ್ತಿಲ್ಲ.

ಕಾರು ಎಪ್ಪತ್ತಮೂರನೇ ಇಸವಿಯ ವೋಚೊ
(ಗುಂಡುಬೆನ್ನಿನ ಆ ಫೋಕ್ಸ್‌ವ್ಯಾಗನ್ನಿಗೆ ನಮ್ಮ ಕಡೆ ಹಾಗೇ ಅನ್ನುವುದು),
ಸೂಲಗಿತ್ತಿ ಎರ್ಮಿನಿಯಾಳದು.
ಮೂವತ್ತು ವರ್ಷ ಕಚ್ಚಾದಾರಿಗಳಲ್ಲಿ
ಕತ್ತರಿ, ಹಳೇ ಬಟ್ಟೆ, ಬಿಸಿನೀರಿನ ಫ್ಲಾಸ್ಕು ಹೊತ್ತು
ಅಪರಾತ್ರಿಯಲ್ಲಿ ಓಡಿದ್ದು.
ಅದಕ್ಕೆಲ್ಲ ಆಗ ಯಾರೂ ರೇಸು ಅನ್ನಲಿಲ್ಲ.

ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಹಿಂದಿನ ಸೀಟು ಹೋಗಬೇಕಿತ್ತು,
ಅಲ್ಲಿ ಕೊಳವೆಯ ಪಂಜರ ಕೂರಬೇಕಿತ್ತು.
ನಿಕಾನೋರ್ ಗ್ರೈಂಡರ್ ಚಾಲೂ ಮಾಡಿದ, ಆರಿಸಿದ,
ಚಾಲೂ ಮಾಡಿದ, ಆರಿಸಿದ.
ಅವನು ಹುಟ್ಟಿದ್ದು ಅದೇ ಸೀಟಿನ ಮೇಲೆ,
ಓಹೋಸ್ ನೆಗ್ರೋಸ್ ದಾಟಿದ ತಿರುವಿನಲ್ಲಿ,
ಆಸ್ಪತ್ರೆ ಇನ್ನೂ ಬಹಳ ದೂರವಿರುವಾಗ.
"ಕೊಯ್ಯೋ," ಅಂದಳು ಎರ್ಮಿನಿಯಾ,
ಮಡಚುಕುರ್ಚಿಯಲ್ಲಿ ಕಡಲೆಕಾಯಿ ಸುಲಿಯುತ್ತ,
"ನಿನ್ನ ಹೊಕ್ಕುಳಬಳ್ಳಿಯನ್ನೇ ಕೊಯ್ದವಳು ನಾನು.
ಇದೊಂದು ಸೀಟು."

ದುಡ್ಡಿದ್ದ ತಂಡಕ್ಕೆ ಮೇಲೊಂದು ಹೆಲಿಕಾಪ್ಟರು ಹಾರುತ್ತದೆ.
ನಮ್ಮ ಕಾರಿನ ಹೊಟ್ಟೆಯಡಿಗೆ ಮೀನಿನ ಕಾರ್ಖಾನೆಯ ಹಳೇ ಉಕ್ಕಿನ ತಗಡು;
ಬಿಸಿಯಾದರೆ ಈಗಲೂ ಸಾರ್ಡೀನ್ ವಾಸನೆ.
ಏರ್ ಫಿಲ್ಟರಿಗೆ ನನ್ನ ನೈಲಾನ್ ಕಾಲುಚೀಲ, ಎರಡು ಪದರ,
ಮೈದಾಹಿಟ್ಟಿನಂಥ ಧೂಳು ಅಲ್ಲಿಗೇ ನಿಲ್ಲಲೆಂದು.
ಸ್ಟಿಯರಿಂಗಿಗೆ ಎವಾರಿಸ್ತೊ, ನನ್ನ ಭಾವ, ಶಾಲೆಯ ಬಸ್ಸಿನವನು.
ಮಕ್ಕಳು ಕೂತಿದ್ದರೆ ಮೂವತ್ತು ದಾಟದ ಅವನ ಕಾಲು
ಮರಳು ಕಂಡರೆ ಬೇರೆ ಯಾರದೋ ಆಗುತ್ತದೆ.
ಪಕ್ಕದ ಸೀಟು ನನ್ನದು. ನಕ್ಷೆ, ಬೈಗುಳ, ನೀರು.

ಹೋದ ವರ್ಷ, ಮುಗಿಯಲು ನಲವತ್ತು ಕಿಲೋಮೀಟರ್ ಇತ್ತು.
ಕಲ್ಲುಗುಡ್ಡ ಹತ್ತಿಸಿದ್ದು, ಉಪ್ಪಿನ ಬಯಲು ದಾಟಿಸಿದ್ದು,
ಕತ್ತಲಲ್ಲಿ ಅಡ್ಡ ಬಂದ ಹಸುವನ್ನು ತಪ್ಪಿಸಿದ್ದು,
ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು,
ಅದೂ ಹೊಳೆಯೇ ಇಲ್ಲದ ಸೀಮೆಯಲ್ಲಿ.
ಮುಂಗಾಲಿಯ ಒಂದು ಬೋಲ್ಟು, ಎಂಟು ಪೆಸೊ ಬೆಲೆಯದು,
ಯಾವ ಉಬ್ಬಿನಲ್ಲೋ ಏನೋ
ಹೇಳದೆ ಕೇಳದೆ ಇಳಿದುಹೋಗಿತ್ತು.

ಬೆಳಗಿನವರೆಗೆ ಕಂಬದಂಥ ಕಳ್ಳಿಗಳ ಬುಡದಲ್ಲಿ ಕೂತೆವು.
ಇನ್ನೊಂದು ವೋಚೊ ನಿಂತು, ಎರಡು ಕಿತ್ತಳೆ ಕೊಟ್ಟು, ಹೋಯಿತು.
ಎವಾರಿಸ್ತೊ ಮಾತಾಡಲಿಲ್ಲ.
ಬಿಸ್ಕತ್ತಿಗೆಂದು ಚೀಲ ತಡಕಿದರೆ ಬಾಟಲಿ ಸಿಕ್ಕಿತು.
ಟಾರ್ಚನ್ನು ಹಲ್ಲಲ್ಲಿ ಕಚ್ಚಿ
ಉಳಿದ ಒಂದೊಂದು ಬೋಲ್ಟಿಗೂ ಗೆರೆ ಎಳೆದೆ,
ಹೆಸರು ಕರೆದು ಹಾಜರಿ ಹಾಕುವ ಹಾಗೆ.
ಸಿಟ್ಟಿಗೆ ಮಾಡಿದ್ದು.
ಉಪಾಯ ಅಂತ ಹೆಸರು ಬಂದದ್ದು ಆಮೇಲೆ.

ನಾಳೆ ಆರಕ್ಕೆ ತಪಾಸಣೆ.
ಗೇರ್‌ಬಾಕ್ಸು ಇನ್ನೂ ಹನಿಯುತ್ತಿದೆ, ಕೆಳಗೆ ರೊಟ್ಟಿ ಸುಡುವ ತಟ್ಟೆ ಇಟ್ಟಿದ್ದೇವೆ.
ಎಡಗಡೆಯ ದೀಪ ಆಕಾಶ ನೋಡುತ್ತದೆ.
ಇನ್ನೂರ ಹದಿನಾಲ್ಕನೆಯದಕ್ಕೂ ಗೆರೆ ಎಳೆದು ಮುಚ್ಚಳ ಹುಡುಕುತ್ತಿದ್ದೆ,
ಎರ್ಮಿನಿಯಾ ಕೈ ನೀಡಿದಳು: "ತಾ ಇಲ್ಲಿ."

ಸೀಟಿದ್ದ ಜಾಗಕ್ಕೆ ಬಗ್ಗಿದಳು.
ನಿಕಾನೋರ್ ಪಂಜರ ಹಿಡಿದು ನಿಂತಿದ್ದ.
"ಅಲ್ಲಿ ಬೋಲ್ಟಿಲ್ಲಮ್ಮ."
"ಗೊತ್ತು, ಅಲ್ಲಾಡಬೇಡ."
ನಡುಗುವ ಕುಂಚ ಕೊಳವೆಯಿಂದ ಹೊರಟು
ಅವನ ಹೆಬ್ಬೆರಳು ಹತ್ತಿ, ಮಸಿ ಕೂತ ಉಗುರಿನ ತುದಿಯಲ್ಲಿ ನಿಂತಿತು,
ಸೊಟ್ಟ ಗೆರೆ, ಪಾರ್ಲರಿನಲ್ಲಾದರೆ ದುಡ್ಡು ವಾಪಸ್ಸು.

ಒಣಗುವವರೆಗೆ ಅವನು ಕದಲಲಿಲ್ಲ.
ಆಮೇಲೆ ಕೈ ತೆಗೆದ.
ಗೆರೆ ಎರಡಾಯಿತು.
ಯಾರೂ ಸ್ಪ್ಯಾನರ್ ಹುಡುಕಲಿಲ್ಲ.